ಘಾಟಿ ಹತ್ತುವ ಸ್ಪೋರ್ಟ್ಸ್ ಕಾರಿನ ಕೂಲಿಂಗ್: ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿಗೆ ವೇಗದ ಕಾರುಗಳ ಮೇಲಿನ ಪ್ರೀತಿ ಹೊಸದಲ್ಲ. ಇಲ್ಲಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆದಿದೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ಕೂಡ ಇಲ್ಲೇ ನಡೆಯಿತು. ಈಗ ಊರಲ್ಲಿ ಪೋಲೋ ಜಿಟಿ, ವರ್ಟಸ್ ಜಿಟಿ, ಐ20 ಎನ್ ಲೈನ್, ಆಕ್ಟೇವಿಯಾ ಆರ್‌ಎಸ್, ಅಪರೂಪಕ್ಕೆ ಒಂದು ಪೋರ್ಷೆ ಬಾಕ್ಸ್‌ಸ್ಟರ್ ಕೂಡ ಕಾಣುತ್ತದೆ. ಇವುಗಳ ಮಾಲೀಕರು ಎಂಜಿನ್ ಬಿಸಿಯ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಕಾರು ಘಾಟಿಯಲ್ಲಿ ಹೀಟ್ ಆಗುತ್ತದೆ. ದೊಡ್ಡ ರೇಡಿಯೇಟರ್ ಹಾಕಿಸಿಬಿಡಲಾ?

ಬೇಡ, ಸ್ವಲ್ಪ ತಾಳಿ. ಮೊದಲು ಯಾವಾಗ ಹೀಟ್ ಆಗುತ್ತದೆ ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎಂ.ಜಿ. ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ ಏರಿ, ಗಾಡಿ ಓಡತೊಡಗಿದ ಮೇಲೆ ಇಳಿದರೆ ಅನುಮಾನ ಫ್ಯಾನ್ ಮೇಲೆ. ಫ್ಯಾನ್ ಮೋಟರ್, ರಿಲೇ, ಫ್ಯೂಸ್, ವೈರಿಂಗ್ ಇವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿರುತ್ತದೆ. ಕಡೂರು ರಸ್ತೆಯಲ್ಲಿ ನೇರವಾಗಿ ಜೋರಾಗಿ ಹೋಗುವಾಗ ಬಿಸಿ ಏರಿದರೆ ಫ್ಯಾನ್‌ಗೆ ಅದರಲ್ಲಿ ಪಾತ್ರವಿಲ್ಲ. ಆ ವೇಗದಲ್ಲಿ ಗಾಳಿ ತಾನಾಗೇ ನುಗ್ಗುತ್ತದೆ. ಆಗ ರೇಡಿಯೇಟರ್ ಒಳಗೋ ಹೊರಗೋ ಕಟ್ಟಿಕೊಂಡಿದೆ, ಇಲ್ಲವೇ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ಬಿಡುವ ಕವಾಟ) ಪೂರ್ತಿ ತೆರೆಯುತ್ತಿಲ್ಲ, ಅಥವಾ ವಾಟರ್ ಪಂಪ್ ಸರಿಯಾಗಿ ತಳ್ಳುತ್ತಿಲ್ಲ.

ಘಾಟಿಯಲ್ಲಿ ಎರಡೂ ಕಷ್ಟ ಒಟ್ಟಿಗೆ ಬರುತ್ತವೆ: ಎಂಜಿನ್ ಮೇಲೆ ಪೂರ್ತಿ ಭಾರ, ಗಾಡಿಯ ವೇಗ ಮಾತ್ರ 30–40 ಕಿ.ಮೀ. ಪೆಟ್ರೋಲ್ ಉರಿದು ಬರುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಚಕ್ರಕ್ಕೆ ಹೋಗುತ್ತದೆ, ಇನ್ನೊಂದು ಭಾಗ ಸೈಲೆನ್ಸರ್‌ನಿಂದ ಆಚೆ, ಉಳಿದದ್ದು ಎಂಜಿನ್ ಒಳಗೆ ಹರಿದು ಶಾಖ ಹೊರುವ ದ್ರವಕ್ಕೆ, ಅಂದರೆ ಕೂಲಂಟ್‌ಗೆ. ಆದರೂ ಕಂಪನಿ ಕೊಟ್ಟ ರೇಡಿಯೇಟರ್ ಸರಿಯಾಗಿದ್ದರೆ ಅದು ಈ ಏರನ್ನು ತಾಳುತ್ತದೆ. ಕಾರು ತಯಾರಿಸುವವರು ಏರಿನಲ್ಲಿ, ಎಸಿ ಹಾಕಿಕೊಂಡು, ಬಿಸಿಲಲ್ಲಿ ಪರೀಕ್ಷೆ ಮಾಡಿಯೇ ಅದನ್ನು ಇಟ್ಟಿರುತ್ತಾರೆ. ಮೊದಲು ಅದು ಹೊಸದಾಗಿದ್ದಾಗ ಮಾಡುತ್ತಿದ್ದ ಕೆಲಸವನ್ನು ಈಗಲೂ ಮಾಡುವಂತೆ ಮಾಡಿ. ಆಮೇಲೆ ಗಾಳಿ ಪೂರ್ತಿಯಾಗಿ ಅದರೊಳಗೇ ಹೋಗುವಂತೆ ನೋಡಿಕೊಳ್ಳಿ. ಅದಾದ ಮೇಲೂ ಸಾಲದಿದ್ದರೆ ಮಾತ್ರ ದುಡ್ಡು ಬಿಚ್ಚಿ. ಮುಂದೆ ಬರೆದಿದ್ದೆಲ್ಲ ಇದೇ ಲೆಕ್ಕದಲ್ಲಿದೆ.

ಮುಳ್ಳಯ್ಯನಗಿರಿ ಕಡೆ ಎತ್ತರ ಜಾಸ್ತಿ, ಗಾಳಿ ತೆಳು. ಅದಕ್ಕೇ ಹೀಟ್ ಆಗೋದಾ?

ಸ್ವಲ್ಪ ಮಟ್ಟಿಗೆ ಮಾತ್ರ. ಗಿರಿಯ ತುದಿ ಸುಮಾರು 1,930 ಮೀಟರ್. ಅಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಆರನೇ ಒಂದು ಪಾಲಿನಷ್ಟು ತೆಳು, ತೆರೆದ ಪಾತ್ರೆಯಲ್ಲಿಟ್ಟ ನೀರು 94 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಆದರೆ ಅಲ್ಲಿನ ಗಾಳಿ ತಂಪು. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಅನ್ನೋದು ಕೂಲಂಟ್‌ಗೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ಕೂಲಂಟ್ 100 ಡಿಗ್ರಿ, ಗಾಳಿ 20 ಡಿಗ್ರಿ ಇದ್ದರೆ ವ್ಯತ್ಯಾಸ 80. ಕರಾವಳಿಯ 35 ಡಿಗ್ರಿಯಲ್ಲಿ ಅದು ಬರೀ 65. ಗಾಳಿ ತೆಳುವಾಗಿ ಕಳೆದುಕೊಂಡದ್ದನ್ನು ತಂಪು ಹೆಚ್ಚುಕಮ್ಮಿ ತುಂಬಿಕೊಡುತ್ತದೆ.

ಹಾಗಾಗಿ ನನ್ನ ಪ್ರಕಾರ ಈ ಕಡೆ ಎಂಜಿನ್‌ಗೆ ನಿಜವಾದ ಪರೀಕ್ಷೆ ಕೈಮರದಿಂದ ಗಿರಿಗೆ ಹತ್ತುವುದಲ್ಲ. ಏಪ್ರಿಲ್ ಮಧ್ಯಾಹ್ನ ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಹತ್ತುವುದು, ಅಥವಾ ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಹತ್ತುವುದು. ಕೆಳಗಿನ ಬಿಸಿ ಗಾಳಿ, ಮುಂದೆ ಟ್ಯಾಂಕರ್, ಒಳಗೆ ಎಸಿ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇರುವ ಕಾರಿಗೆ ಇನ್ನೊಂದು ಮಾತು: ಎತ್ತರ ಹೆಚ್ಚಾದಂತೆ ಅಷ್ಟೇ ಒತ್ತಡ ಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಎಂಜಿನ್‌ಗೆ ಹೋಗುವ ಗಾಳಿ ಅದರಿಂದಲೂ ಬಿಸಿಯಾಗುತ್ತದೆ.

ಮೀಟರ್ ಮುಳ್ಳು ಮಧ್ಯದಿಂದ ಅಲ್ಲಾಡಿಲ್ಲ. ಎಲ್ಲಾ ಸರಿ ಇದೆ ಅಲ್ವಾ?

ಹೇಳಲಾಗದು. ಈಗಿನ ಬಹಳಷ್ಟು ಕಾರುಗಳಲ್ಲಿ ಮುಳ್ಳು ನಿಜವಾದ ತಾಪಮಾನ ತೋರಿಸುವುದಿಲ್ಲ. ಕೂಲಂಟ್ 80 ಇರಲಿ, 105 ಇರಲಿ, ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಡ್ರೈವರ್ ಸುಮ್ನೆ ಗಾಬರಿಯಾಗಬಾರದು ಅಂತ. ಅದು ಮಧ್ಯ ಬಿಟ್ಟು ಮೇಲೇಳುವ ಹೊತ್ತಿಗೆ ತಡವಾಗಿರುತ್ತದೆ. ಕೆಲವು ಕಾರುಗಳಲ್ಲಂತೂ ಮುಳ್ಳೇ ಇಲ್ಲ, ಬರೀ ಕೆಂಪು ದೀಪ.

ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರ್ ಮಾಹಿತಿ ಓದಲು ಇರುವ ಒಬಿಡಿ ಪೋರ್ಟ್‌ಗೆ ಚಿಕ್ಕ ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಮೊಬೈಲ್‌ನಲ್ಲಿ ನಿಜವಾದ ಅಂಕಿ ಬರುತ್ತದೆ. ಕೂಲಿಂಗ್‌ಗೆ ಖರ್ಚು ಮಾಡುವ ಮೊದಲ ರೂಪಾಯಿ ಇದಕ್ಕೇ ಹೋಗಲಿ. ಹೆಚ್ಚಿನ ಕಾರುಗಳಿಗೆ 88ರಿಂದ 105 ಡಿಗ್ರಿ ಮಾಮೂಲು. 110 ದಾಟಿ ಏರುತ್ತಲೇ ಇದ್ದರೆ ವೇಗ ಇಳಿಸಿ. ಆಯಿಲ್ ತಾಪಮಾನ ಸಿಗುವ ಕಾರಾದರೆ ಅದನ್ನೂ ನೋಡಿ: 100ರಿಂದ 120 ಚಿಂತೆಯಿಲ್ಲ, 130 ದಾಟಿದರೆ ಬಿಡುವು ಕೊಡಿ. ನಿಮ್ಮ ಕಾರು ದಿನವೂ ಹೋಗುವ ಏರಿನಲ್ಲಿ ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಂಡರೆ ತುಂಬಾ ಉಪಯೋಗ. ಮುಂದೊಂದು ದಿನ ಅದೇ ಏರಿನಲ್ಲಿ ಐದಾರು ಡಿಗ್ರಿ ಜಾಸ್ತಿ ಕಂಡರೆ, ಎಲ್ಲೋ ಏನೋ ಶುರುವಾಗಿದೆ ಅಂತ ಮೊದಲೇ ಗೊತ್ತಾಗುತ್ತದೆ.

ರೇಡಿಯೇಟರ್ ಹೊರಗಿನಿಂದ ಕ್ಲೀನಾಗೇ ಕಾಣುತ್ತದೆ. ಮತ್ತೆ ತೊಳೆಸಬೇಕಾ?

ಬಾನೆಟ್ ಎತ್ತಿ ಮುಂದಿನಿಂದ ಇಣುಕಿದಾಗ ಕಾಣುವುದು ರೇಡಿಯೇಟರ್ ಅಲ್ಲ, ಎಸಿಯ ಶಾಖ ಹೊರಬಿಡುವ ಕಂಡೆನ್ಸರ್. ರೇಡಿಯೇಟರ್ ಇರುವುದು ಅದರ ಹಿಂದೆ. ಎರಡರ ನಡುವೆ ಬೆರಳು ತೂರುವಷ್ಟು ಜಾಗ. ಮಲೆನಾಡಿನ ಕಾರುಗಳ ಕಾಯಿಲೆ ಇರುವುದು ಆ ಸಂದಿಯಲ್ಲಿ.

ರಾತ್ರಿ ಹೊತ್ತು ಮೇಲಿನಿಂದ ಆ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ತೋಟದ ದಾರಿಯಲ್ಲಿ ಓಡಾಡುವ ಕಾರಾದರೆ ಕೆಳಗಿನ ಕಾಲುಭಾಗದಲ್ಲಿ ಸಿಲ್ವರ್ ಓಕ್ ಎಲೆಯ ಚೂರು, ಮಳೆಹುಳದ ರೆಕ್ಕೆ, ಕೆಂಪು ಮಣ್ಣು ಎಲ್ಲಾ ಸೇರಿ ಕಂಬಳಿಯ ಹಾಗೆ ಮೆತ್ತಿಕೊಂಡಿರುತ್ತದೆ. ಮಳೆಗಾಲದ ಕೆಸರು ಅದನ್ನು ಅಂಟಿಸುತ್ತದೆ, ಬೇಸಿಗೆ ಒಣಗಿಸಿ ಗಟ್ಟಿ ಮಾಡುತ್ತದೆ. ಅಷ್ಟು ಭಾಗದಲ್ಲಿ ಗಾಳಿ ಆಡುವುದೇ ಇಲ್ಲ. ಪೋರ್ಷೆಯ ಬಾಕ್ಸ್‌ಸ್ಟರ್, ಕೇಮನ್, 911 ಇಟ್ಟುಕೊಂಡವರು ಇನ್ನೂ ಎಚ್ಚರವಾಗಿರಬೇಕು. ಅವುಗಳ ರೇಡಿಯೇಟರ್‌ಗಳು ಮುಂದಿನ ಬಂಪರ್‌ನ ಎರಡೂ ಮೂಲೆಯಲ್ಲಿವೆ, ಎಲೆ ನೇರವಾಗಿ ಒಳಗೆ ಹೋಗಿ ಅಲ್ಲೇ ಕೊಳೆಯುತ್ತದೆ. ಒದ್ದೆ ಎಲೆ ಕೂತ ಕಡೆ ಕಂಡೆನ್ಸರ್ ತೂತಾಗುತ್ತದೆ. ಬಂಪರ್ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸುವುದು ಈ ಕಾರುಗಳಿಗೆ ಅತ್ಯಂತ ಒಳ್ಳೆಯ ಅಪ್‌ಗ್ರೇಡ್.

ತೊಳೆಯುವ ಕ್ರಮ ಹೀಗೆ. ಬಂಪರ್ ಬಿಚ್ಚಿಸಿ, ಆಗುವುದಾದರೆ ಕಂಡೆನ್ಸರ್‌ನ ಬೋಲ್ಟ್ ಸಡಿಲಿಸಿ ಮುಂದಕ್ಕೆ ವಾಲಿಸಿ. ಅದರ ಗ್ಯಾಸ್ ಪೈಪ್ ಬಿಚ್ಚುವುದು ಬೇಡ. ಮೊದಲು ಒಣ ಕಸವನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಆಮೇಲೆ ಎಂಜಿನ್ ಕಡೆಯಿಂದ ಹೊರಕ್ಕೆ, ಗಾರ್ಡನ್ ಪೈಪ್‌ನ ಸಾಧಾರಣ ನೀರು ಬಿಡಿ. ಪ್ರೆಶರ್ ವಾಷರ್ ಬೇಡವೇ ಬೇಡ. ರೇಡಿಯೇಟರ್ ಫಿನ್ ಕಾಗದದಷ್ಟು ತೆಳು, ಒಮ್ಮೆ ಮಡಚಿದರೆ ಗಾಳಿಗೆ ಗೋಡೆ ಕಟ್ಟಿದಂತೆಯೇ.

ತೋಟದವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ತೋಟದ ಔಷಧಿ) ಹೊಡೆದ ಡ್ರಮ್ಮು, ಸ್ಪ್ರೇಯರ್‌ನಲ್ಲಿ ಕಾರು ತೊಳೆಯಬೇಡಿ, "ಚೆನ್ನಾಗಿ ತೊಳೆದಿದ್ದೀವಿ ಸಾರ್" ಅಂದರೂ ಬೇಡ. ಮೈಲುತುತ್ತದಲ್ಲಿ ತಾಮ್ರ ಇದೆ. ತಾಮ್ರದ ಅಂಶ ಅಲ್ಯೂಮಿನಿಯಂ ಮೇಲೆ ಕೂತು ಒದ್ದೆಯಾದರೆ ಅಲ್ಲಿ ಸಣ್ಣ ಸಣ್ಣ ಗುಳಿ ಬಿದ್ದು ಕೊನೆಗೆ ಸೋರುತ್ತದೆ. ಸುಣ್ಣ ಕೂಡ ಅಲ್ಯೂಮಿನಿಯಂಗೆ ಒಳ್ಳೆಯದಲ್ಲ.

ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು: ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆ ಬಲಿಯುವ ಮುಂಚೆ ಇನ್ನೊಮ್ಮೆ.

ಕೂಲಂಟ್ ಯಾವ ಬಣ್ಣದ್ದು ಹಾಕಬೇಕು?

ಬಣ್ಣ ನೋಡಿ ಹಾಕಬೇಡಿ. ಹಸಿರು, ಕೆಂಪು, ನೇರಳೆ ಎಲ್ಲಾ ಬರೀ ಡೈ. ಒಂದೇ ಬಣ್ಣದ ಎರಡು ಕಂಪನಿಯ ಕೂಲಂಟ್‌ಗಳಲ್ಲಿ ತುಕ್ಕು ತಡೆಯುವ ರಾಸಾಯನಿಕ ಬೇರೆ ಬೇರೆ ಇರಬಹುದು. ಹೊಂದದ ಎರಡನ್ನು ಬೆರೆಸಿದರೆ ಆ ತಡೆ ಶಕ್ತಿ ಹೋಗುತ್ತದೆ, ಕೆಲವೊಮ್ಮೆ ಕೆಸರಿನಂಥ ಗಷ್ಟು ಕಟ್ಟಿ, ಕಾರಿನೊಳಗೆ ಬಿಸಿ ಗಾಳಿ ಕೊಡುವ ಹೀಟರ್ ಕೋರ್‌ನ ಸಣ್ಣ ಕೊಳವೆಗಳು ಮುಚ್ಚಿಹೋಗುತ್ತವೆ. ಕಾರಿನ ಪುಸ್ತಕದಲ್ಲಿ ಬರೆದ ಸ್ಪೆಸಿಫಿಕೇಶನ್ ಡಬ್ಬಿಯ ಮೇಲೂ ಇರಬೇಕು, ಅಷ್ಟೇ. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಅದು ಜಿ12 ಇವೋ ಅಥವಾ ಜಿ13 ಅಂತ ಇರುತ್ತದೆ.

ನೀರು ಹಾಕಿದರೆ ಆಗಲ್ವಾ? ನಮ್ಮ ಕಡೆ ಹಿಮ ಬೀಳೋದಿಲ್ಲವಲ್ಲ.

ಕೂಲಂಟ್ ಇರುವುದು ಹಿಮಕ್ಕೆ ಮಾತ್ರ ಅಲ್ಲ. ಅದು ಕುದಿಯುವ ಬಿಂದು ಏರಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಅಲ್ಯೂಮಿನಿಯಂ ಹೆಡ್ (ಎಂಜಿನ್‌ನ ಮೇಲ್ಭಾಗ), ರೇಡಿಯೇಟರ್, ಪಂಪ್ ಸೀಲ್‌ಗಳನ್ನು ಕಾಯುತ್ತದೆ. ಶಾಖ ಹೊರುವುದರಲ್ಲಿ ಶುದ್ಧ ನೀರೇ ಮೇಲು, ಆ ಮಾತು ನಿಜ. ಆದ್ದರಿಂದ ನಮ್ಮ ಹವೆಗೆ 50:50ರ ಬದಲು 40 ಪಾಲು ಕೂಲಂಟ್, 60 ಪಾಲು ನೀರು ಸಾಕಾಗುತ್ತದೆ, ನಿಮ್ಮ ಕಾರಿನ ಪುಸ್ತಕ ಒಪ್ಪಿದರೆ. ಮೂರನೇ ಒಂದು ಪಾಲಿಗಿಂತ ಕಮ್ಮಿ ಮಾಡಿದರೆ ತುಕ್ಕಿನಿಂದ ರಕ್ಷಣೆ ಸಾಲದು.

ಆ ನೀರು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಆಗಿರಬೇಕು. ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ನೀರಂತೂ ಬೇಡ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಎಂಜಿನ್ ಒಳಗೂ ಕಟ್ಟುತ್ತದೆ.

ಎಷ್ಟು ವರ್ಷಕ್ಕೆ ಬದಲಿಸಬೇಕು?

ಹಳೇ ಬಗೆಯದಾದರೆ ಎರಡು ವರ್ಷ. ದೀರ್ಘ ಬಾಳಿಕೆಯದಾದರೆ ಐದು ವರ್ಷದ ಆಸುಪಾಸು. ಜೋರಾಗಿ ಓಡಿಸುವವರು, ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಪ್ರೋಗ್ರಾಂ ಬದಲಿಸಿ ಪವರ್ ಏರಿಸುವುದು) ಮಾಡಿಸಿದವರು ಅದನ್ನೂ ಮೂರಕ್ಕೇ ಬದಲಿಸಿ.

ಕೂಲಂಟ್ ತುಂಬುವ ಕಡೆಯ ಮುಚ್ಚಳ ಕೂಡ ಬದಲಿಸಬೇಕು ಅಂತಾರೆ. ಅದರಲ್ಲೇನಿದೆ?

ತುಂಬಾ ಇದೆ. ಆ ಮುಚ್ಚಳದೊಳಗಿನ ಸ್ಪ್ರಿಂಗ್ ಇಡೀ ಸಿಸ್ಟಮ್ ಅನ್ನು ಒತ್ತಡದಲ್ಲಿ ಇಡುತ್ತದೆ. ಮೇಲೆ 1.1 ಅಥವಾ 1.4 ಬಾರ್ ಅಂತ ಬರೆದಿರುತ್ತಾರೆ. 1 ಬಾರ್ ಒತ್ತಡ ಸೇರಿದರೆ ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯುವುದಿಲ್ಲ. ಅರ್ಧ ಕೂಲಂಟ್ ಬೆರೆಸಿದ್ದು 130ರ ಹತ್ತಿರ ಹೋಗುತ್ತದೆ. ರಬ್ಬರ್ ಸೀಲ್ ಸತ್ತು ಒತ್ತಡ ನಿಲ್ಲದಿದ್ದರೆ ಆ ಲಾಭ ಅಷ್ಟೂ ಹೋಯಿತು, ಬೇರೆ ಎಲ್ಲಾ ಸರಿಯಿದ್ದರೂ ಗಾಡಿ ಕುದಿಯುತ್ತದೆ. ಕಡಿಮೆ ಬೆಲೆಯ ಭಾಗ, ಐದಾರು ವರ್ಷ ಹಳೆಯದಾದರೆ ಹೊಸದು ಹಾಕಿ. ಆದರೆ ಬರೆದ ಅಂಕಿ ಅದೇ ಇರಲಿ. ಹೆಚ್ಚು ಒತ್ತಡದ ಮುಚ್ಚಳ ಹಾಕಿದರೆ ಹಳೇ ಹೋಸು, ಪ್ಲಾಸ್ಟಿಕ್ ಟ್ಯಾಂಕು ಒಡೆಯಬಹುದು.

ಬೇಗ ತೆರೆಯುವ ಥರ್ಮೋಸ್ಟಾಟ್ ಹಾಕಿದರೆ ಎಂಜಿನ್ ತಂಪಾಗಿರುತ್ತದಂತೆ?

ಶುರುವಿನಲ್ಲಿ ಮಾತ್ರ. ಥರ್ಮೋಸ್ಟಾಟ್ ತೀರ್ಮಾನಿಸುವುದು ಕೆಳಗಿನ ಮಿತಿಯನ್ನು, ಮೇಲಿನದನ್ನಲ್ಲ. ಅದು ಪೂರ್ತಿ ತೆರೆದ ಮೇಲೆ ಶಾಖ ಇಳಿಸಬೇಕಾದದ್ದು ರೇಡಿಯೇಟರ್. ಘಾಟಿಯ ನಡುವಿಗೆ ಬರುವಷ್ಟರಲ್ಲಿ ಎರಡೂ ಬಗೆಯವು ಪೂರ್ತಿ ತೆರೆದಿರುತ್ತವೆ. ಥರ್ಮೋಸ್ಟಾಟ್ ಕಿತ್ತೇ ಹಾಕುವುದು ಇನ್ನೂ ಕೆಟ್ಟ ಸಲಹೆ. ಎಂಜಿನ್ ಬಿಸಿಯಾಗುವುದು ತಡವಾಗಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. ಫೋಕ್ಸ್‌ವ್ಯಾಗನ್, ಸ್ಕೋಡಾದ ಇಎ211 ಸರಣಿಯ ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್‌ಗಳಲ್ಲಿ ಹೆಡ್‌ಗೊಂದು, ಅದರ ಕೆಳಗಿನ ಬ್ಲಾಕ್‌ಗೊಂದು ಅಂತ ಎರಡು ಥರ್ಮೋಸ್ಟಾಟ್ ಇವೆ. ಅಂಥದ್ದಕ್ಕೆ ಸುಮ್ನೆ ಕೈ ಹಾಕಬೇಡಿ.

ಸರಿ, ಎಲ್ಲಾ ಮಾಡಾಯಿತು. ಈಗಲಾದರೂ ರೇಡಿಯೇಟರ್ ದೊಡ್ಡದು ಮಾಡಬಹುದಾ?

ಅದಕ್ಕೂ ಮುಂಚೆ ಒಂದು ಕೆಲಸ. ಬಂಪರ್ ಬಾಯಿಂದ ರೇಡಿಯೇಟರ್‌ವರೆಗಿನ ದಾರಿ ನೋಡಿ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ರೇಡಿಯೇಟರ್ ಪಕ್ಕದಲ್ಲಿ, ಮೇಲೆ, ಕೆಳಗೆ ಸಂದಿ ಇದ್ದರೆ ಫಿನ್ ನಡುವೆ ಕಷ್ಟಪಟ್ಟು ತೂರುವ ಬದಲು ಅಲ್ಲೇ ನುಸುಳಿಹೋಗುತ್ತದೆ. ಕಂಪನಿಯವರು ಆ ಸಂದಿಗಳಿಗೆ ಫೋಮ್ ಪಟ್ಟಿ, ಪ್ಲಾಸ್ಟಿಕ್ ಹಾಳೆ ಕೊಟ್ಟಿರುತ್ತಾರೆ. ಒಂದೆರಡು ಸಲ ಬಂಪರ್ ಬಿಚ್ಚಿ ಹಾಕಿದ ಕಾರುಗಳಲ್ಲಿ ಅವು ಮಾಯವಾಗಿರುತ್ತವೆ. ಕೆಳಗಿನ ಅಂಡರ್‌ಟ್ರೇ ಕೂಡ ಹಾಗೇ, ತೋಟದ ದಾರಿಯ ಕಲ್ಲಿಗೆ ತಾಗಿ ಮುರಿದಿದ್ದನ್ನು "ಬಿಡಿ ಸಾರ್, ಅದು ಬೇಕಿಲ್ಲ" ಅಂತ ಬಿಚ್ಚಿ ಬಿಸಾಕಿರುತ್ತಾರೆ. ಅದು ಬೇಕು. ಬಾನೆಟ್ ಒಳಗಿನ ಬಿಸಿ ಗಾಳಿಯನ್ನು ಕೆಳಗಿನಿಂದ ಎಳೆದು ತೆಗೆಯುವುದರಲ್ಲಿ ಅದರ ಪಾತ್ರ ಇದೆ. ಶಾಖ ತಾಳುವ ಫೋಮ್, ಅಲ್ಯೂಮಿನಿಯಂ ಹಾಳೆಯಿಂದ ಈ ಸಂದಿಗಳನ್ನು ಮುಚ್ಚಿಸಿ. ನಂಬರ್ ಪ್ಲೇಟ್, ಎಕ್ಸ್‌ಟ್ರಾ ಲ್ಯಾಂಪು, ಹಾರ್ನ್ ಯಾವುದೂ ಗಾಳಿಯ ಬಾಯಿಗೆ ಅಡ್ಡ ಇರಬಾರದು. ಇದರಿಂದ ಸಿಗುವ ಲಾಭ ಎಷ್ಟೋ ಸಲ ಹೊಸ ರೇಡಿಯೇಟರ್‌ನಿಂದಲೂ ಸಿಗುವುದಿಲ್ಲ.

ಆಮೇಲೂ ಸಾಲದಿದ್ದರೆ, ಅಂದರೆ ಟ್ರ್ಯಾಕ್ ದಿನಗಳಿಗೆ ಹೋಗುವವರು, ರ‍್ಯಾಲಿ ಓಡಿಸುವವರು, ಪವರ್ ಹೆಚ್ಚಿಸಿಕೊಂಡವರು ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರ್‌ಗೆ ಹೋಗಬಹುದು. ಕಂಪನಿಯದರಲ್ಲಿ ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಒತ್ತಿ ಕೂರಿಸಿರುತ್ತಾರೆ, ವಯಸ್ಸಾದಂತೆ ಸೋರುವುದು ಆ ಅಂಚಿನಲ್ಲೇ. ವೆಲ್ಡ್ ಮಾಡಿದ್ದಕ್ಕೆ ಆ ತೊಂದರೆ ಇಲ್ಲ. ಆಯ್ಕೆ ಮಾಡುವಾಗ ಮೊದಲು ಅಗಲ, ಎತ್ತರ ಹೆಚ್ಚಿಸಲು ಜಾಗ ಇದೆಯಾ ನೋಡಿ. ದಪ್ಪ ಹೆಚ್ಚಿಸುವುದು ಆಮೇಲೆ. ದಪ್ಪ ಕೋರ್‌ನಲ್ಲಿ ಗಾಳಿ ಹಿಂಭಾಗಕ್ಕೆ ಬರುವಷ್ಟರಲ್ಲೇ ಬಿಸಿಯಾಗಿರುತ್ತದೆ, ಹಾಗಾಗಿ ಹಿಂದಿನ ಭಾಗ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಜೊತೆಗೆ ಗಾಳಿಯನ್ನು ತಳ್ಳಲು ಹೆಚ್ಚು ವೇಗ ಬೇಕು, ಘಾಟಿಯಲ್ಲಿ ಇಲ್ಲದಿರುವುದೇ ಅದು.

ಫ್ಯಾನ್?

ಶ್ರೌಡ್ (ಫ್ಯಾನ್ ಸುತ್ತ ಇಡೀ ರೇಡಿಯೇಟರ್ ಆವರಿಸುವ ಚೌಕಟ್ಟು) ಇಲ್ಲದೆ ಫ್ಯಾನ್ ಹಾಕಿಸಬೇಡಿ. ಬರೀ ಫ್ಯಾನ್ ತನ್ನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಶ್ರೌಡ್ ಇದ್ದರೆ ಇಡೀ ಕೋರ್‌ನಿಂದ. ರೇಡಿಯೇಟರ್ ಹಿಂದೆ ಕೂತು ಎಳೆಯುವ ಫ್ಯಾನ್ ಮುಂದೆ ಕೂತು ತಳ್ಳುವುದಕ್ಕಿಂತ ಒಳ್ಳೆಯದು. ದೊಡ್ಡ ಫ್ಯಾನ್‌ಗೆ ಬೇರೆ ರಿಲೇ, ಫ್ಯೂಸ್, ದಪ್ಪ ವೈರ್ ಬೇಕು. ಹಳೇ ವೈರ್‌ಗೇ ಜೋಡಿಸಿದರೆ ಸುಟ್ಟುಹೋದೀತು.

ರೀಮ್ಯಾಪ್ ಮಾಡಿಸಿದ್ದೇನೆ. ಇಂಟರ್‌ಕೂಲರ್, ಆಯಿಲ್ ಕೂಲರ್ ಬೇಕಾ?

ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಏರಿಸಿದ ಮೇಲೆ, ಆ ಗಾಳಿಯನ್ನು ತಂಪು ಮಾಡುವ ಒಳ್ಳೆಯ ಇಂಟರ್‌ಕೂಲರ್ ಸಾರ್ಥಕ. ಆದರೆ ಅದು ಕೂರುವುದು ರೇಡಿಯೇಟರ್ ಮುಂದೆ, ಅಂದರೆ ಅದು ಬಿಟ್ಟ ಬಿಸಿ ಗಾಳಿಯೇ ರೇಡಿಯೇಟರ್‌ಗೆ ಬರುತ್ತದೆ. ಇಂಟರ್‌ಕೂಲರ್ ದೊಡ್ಡದಾದ ಮೇಲೆ ಕೂಲಂಟ್ ಬಿಸಿಯಾಗತೊಡಗಿತು ಅನ್ನುವವರ ಕಥೆ ಇದೇ. ಈಗಿನ ಬಹಳಷ್ಟು ಟಿಎಸ್‌ಐಗಳಲ್ಲಿ ಇಂಟರ್‌ಕೂಲರ್‌ಗೆ ನೀರಿನದೇ ಬೇರೆ ಸರ್ಕೀಟು, ಪುಟ್ಟ ಎಲೆಕ್ಟ್ರಿಕ್ ಪಂಪ್ ಇದೆ. ಅಲ್ಲಿ ಪಂಪ್ ಓಡುತ್ತಿದೆಯಾ, ಗಾಳಿ ಕಟ್ಟಿಲ್ಲವಾ ಅಂತ ನೋಡುವುದೇ ಮೊದಲ ಕೆಲಸ.

ಆಯಿಲ್ ಕೂಲರ್ ಟ್ರ್ಯಾಕ್‌ಗೆ ಹೋಗುವವರಿಗೆ ಬೇಕು. ಊರಿಂದ ತೋಟಕ್ಕೆ, ತೋಟದಿಂದ ಊರಿಗೆ ಓಡಾಡುವವರಿಗೆ ಬೇಡ. ಹಾಕಿಸುವುದಾದರೆ ಥರ್ಮೋಸ್ಟಾಟ್ ಇರುವ ಪ್ಲೇಟೇ ಹಾಕಿಸಿ. ಇಲ್ಲದಿದ್ದರೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಆಯಿಲ್ ಬಿಸಿಯೇ ಆಗುವುದಿಲ್ಲ, ಅದರಲ್ಲಿ ಸೇರಿದ ನೀರಿನಂಶ, ಪೆಟ್ರೋಲ್ ಆವಿಯಾಗದೆ ಉಳಿಯುತ್ತದೆ.

ಸಿಲಿಕಾನ್ ಹೋಸ್?

ಚೆನ್ನಾಗಿವೆ, ಬಾಳಿಕೆ ಬರುತ್ತವೆ. ಆದರೆ ತಂಪು ಮಾಡುವುದಿಲ್ಲ. ಆಯಿಲ್ ತಾಗುವ ಕಡೆ ಮಾಮೂಲಿ ಸಿಲಿಕಾನ್ ಹೋಸ್ ಬೇಡ. ಅಂದಹಾಗೆ, ತೋಟದ ಮನೆಯಲ್ಲಿ ನಿಲ್ಲಿಸುವ ಕಾರಿಗೆ ಹೋಸ್‌ನ ದೊಡ್ಡ ಶತ್ರು ಇಲಿ. ವಾರಗಟ್ಟಲೆ ನಿಂತ ಕಾರನ್ನು ಹೊರಡಿಸುವ ಮುಂಚೆ ಬಾನೆಟ್ ಎತ್ತಿ ನೋಡಿ.

ಕೂಲಂಟ್ ಬದಲಿಸಿದ ಮೇಲೆ ಹೀಟರ್‌ನಲ್ಲಿ ಬಿಸಿ ಗಾಳಿ ಬರುತ್ತಿಲ್ಲ, ಮುಳ್ಳು ಏರಿಳಿಯುತ್ತಿದೆ.

ಒಳಗೆ ಗಾಳಿ ಸಿಕ್ಕಿಕೊಂಡಿದೆ. ಗಾಡಿ ಓಡಿಸಬೇಡಿ. ಪೂರ್ತಿ ತಣ್ಣಗಾದ ಮೇಲೆ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಕೂಲಂಟ್ ಒಂದೇ ಸಮ ಬರುವವರೆಗೆ ತುಂಬಿ. ಎಲೆಕ್ಟ್ರಿಕ್ ವಾಟರ್ ಪಂಪ್ ಇರುವ ಬಿಎಂಡಬ್ಲ್ಯೂಗಳಲ್ಲಿ ವಿಧಾನ ಬೇರೆ. ಎಂಜಿನ್ ಹಚ್ಚದೆ, ಪಂಪನ್ನೇ ಬ್ಲೀಡ್ ಮೋಡ್‌ನಲ್ಲಿ ಹತ್ತು ಹನ್ನೆರಡು ನಿಮಿಷ ಓಡಿಸಬೇಕು. ವ್ಯಾಕ್ಯೂಮ್ ಫಿಲ್ಲರ್ ಇರುವ ಗ್ಯಾರೇಜ್ ಸಿಕ್ಕರೆ ಎಲ್ಲಕ್ಕಿಂತ ಸುಲಭ.

ಘಾಟಿ ಮಧ್ಯೆ ಕೆಂಪು ದೀಪ ಬಂತು. ಏನು ಮಾಡಲಿ?

ಅಂಕಿ ಏರುತ್ತಿದೆ, ಇನ್ನೂ ದೀಪ ಬಂದಿಲ್ಲ ಅಂದರೆ: ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಹೀಟರ್ ಕೋರ್ ಕೂಡ ಒಂದು ಸಣ್ಣ ರೇಡಿಯೇಟರೇ. ಆಕ್ಸಿಲರೇಟರ್ ಹಗುರ ಮಾಡಿ. ಮ್ಯಾನುಯಲ್ ಆದರೆ ಒಂದು ಗೇರ್ ಇಳಿಸಿ, ಪಂಪ್ ಬೇಗ ತಿರುಗಲಿ.

ದೀಪ ಬಂದರೆ, ಆವಿ ಕಂಡರೆ, ತಿರುವು ಬಿಟ್ಟು ಜಾಗ ಇರುವ ಕಡೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಶಿರಾಡಿ, ಚಾರ್ಮಾಡಿಯಲ್ಲಿ ಹಜಾರ್ಡ್ ದೀಪ ಹಾಕಿ, ಹಿಂದೆ ತ್ರಿಕೋನ ಇಡಿ, ಮಕ್ಕಳನ್ನು ರಸ್ತೆ ಕಡೆ ಇಳಿಸಬೇಡಿ. ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿಗಿಂತ ಹೆಚ್ಚು ಬಿಸಿಯಿರುತ್ತದೆ, ತೆರೆದ ಕ್ಷಣ ಕುದ್ದು ಮುಖಕ್ಕೇ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಬಿಡಿ. ಮೇಲಿನ ಹೋಸ್ ಬಿಸಿ ಆರಿ, ಒತ್ತಿದರೆ ಮೆತ್ತಗೆ ಒಳಗೆ ಹೋದರೆ ಮಾತ್ರ ದಪ್ಪ ಬಟ್ಟೆ ಮುಚ್ಚಿ ನಿಧಾನವಾಗಿ ತಿರುಗಿಸಿ. ಬಿಸಿ ಎಂಜಿನ್‌ಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಸೋರುವ ಜಾಗ ಕಣ್ಣಿಗೆ ಬಿದ್ದರೆ, ಅಥವಾ ತುಂಬಿದ್ದು ಮತ್ತೆ ಖಾಲಿಯಾದರೆ ಟೋ ಮಾಡಿಸಿ. ಮೂಡಿಗೆರೆ ಹತ್ತಿರವೇ ಅಲ್ವಾ ಅಂತ ಓಡಿಸಿದರೆ ಹೋಸ್‌ನ ಖರ್ಚು ಎಂಜಿನ್‌ನ ಖರ್ಚಾಗುತ್ತದೆ.

ಎಲ್ಲೂ ಸೋರುತ್ತಿಲ್ಲ, ಆದರೂ ಕೂಲಂಟ್ ಕಮ್ಮಿಯಾಗುತ್ತಿದೆ.

ಮೊದಲು ತಣ್ಣಗಿನ ಎಂಜಿನ್‌ಗೆ ಪ್ರೆಶರ್ ಟೆಸ್ಟ್ ಮಾಡಿಸಿ. ಬಿಸಿ ಇದ್ದಾಗ ಸೋರಿದ್ದು ಅಲ್ಲೇ ಆವಿಯಾಗಿರುತ್ತದೆ. ಹೋಸ್ ಜೋಡಣೆ, ಪಂಪ್, ರೇಡಿಯೇಟರ್ ಅಂಚಿನಲ್ಲಿ ಒಣಗಿದ ಬಿಳಿ ಅಥವಾ ಗುಲಾಬಿ ಪುಡಿ ಕಂಡರೆ ಅದೇ ಗುರುತು. ಕೆಲವು ಎಂಜಿನ್‌ಗಳ ಪ್ಲಾಸ್ಟಿಕ್ ಥರ್ಮೋಸ್ಟಾಟ್ ಹೌಸಿಂಗ್ ಹೀಗೆ ಮೆಲ್ಲಗೆ ಸೋರುತ್ತದೆ, ಆಕ್ಟೇವಿಯಾ ಆರ್‌ಎಸ್‌ನ ಇಎ888 ಅದರಲ್ಲಿ ಒಂದು.

ಹೊರಗೆ ಏನೂ ಇಲ್ಲದೆ, ಸೈಲೆನ್ಸರ್‌ನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ, ತಣ್ಣಗೆ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಗಟ್ಟಿಯಾಗುವುದು ಕಂಡರೆ ಹೆಡ್ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಸೀಲ್) ಮೇಲೆ ಅನುಮಾನ. ಬ್ಲಾಕ್ ಟೆಸ್ಟರ್‌ನ ನೀಲಿ ದ್ರವ ಹಳದಿಗೆ ತಿರುಗಿದರೆ ಕೂಲಂಟ್‌ಗೆ ಎಂಜಿನ್ ಹೊಗೆ ಸೇರುತ್ತಿದೆ ಅಂತ. ಆದರೆ ಆಯಿಲ್ ಮುಚ್ಚಳದ ಅಡಿ ಕೆನೆಬಣ್ಣದ ಪಸೆ ಕಂಡ ಮಾತ್ರಕ್ಕೆ ಹೆದರಬೇಡಿ. ನಮ್ಮ ಮಳೆಗಾಲದ ತೇವದಲ್ಲಿ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿಗೂ ಅದು ಬರುತ್ತದೆ. ಒಂದು ದೂರದ ಓಡಾಟವಾದ ಮೇಲೂ ಹೋಗದಿದ್ದರೆ ಆಗ ಪರೀಕ್ಷಿಸಿ.

ಆಫ್ ಮಾಡಿದ ಮೇಲೂ ಫ್ಯಾನ್ ಓಡುತ್ತಿರುತ್ತದೆ. ಬ್ಯಾಟರಿ ಹೋಗಲ್ವಾ?

ಇಲ್ಲ, ತಾನಾಗೇ ನಿಲ್ಲುತ್ತದೆ. ಸೀತಾಳಯ್ಯನಗಿರಿವರೆಗೆ ಜೋರಾಗಿ ಹತ್ತಿ ನಿಲ್ಲಿಸಿದಾಗ ಟರ್ಬೊದ ಶಾಖ ಇಳಿಸಲು ಅದು ಬೇಕು. ಹತ್ತಿದ ಕೂಡಲೇ ಆಫ್ ಮಾಡದೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು.

ತೆಗೆದ ಹಳೇ ಕೂಲಂಟ್ ಎಲ್ಲಿ ಚೆಲ್ಲೋದು?

ಎಲ್ಲೂ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹಾಳಾಗಿ ಸಾಯುತ್ತವೆ, ದನಕ್ಕೂ ವಿಷ. ತೋಟದ ಚರಂಡಿಗೆ ಬಿಟ್ಟರೆ ಅದು ಹಳ್ಳ ಸೇರುತ್ತದೆ. ಬಿಗಿ ಮುಚ್ಚಳದ ಕ್ಯಾನ್‌ಗೆ ತುಂಬಿ, ಮೇಲೆ ಹೆಸರು ಬರೆದು, ಹಳೇ ಆಯಿಲ್ ತೆಗೆದುಕೊಳ್ಳುವ ಸರ್ವೀಸ್ ಸೆಂಟರ್‌ಗೆ ಕೊಡಿ. ನೆಲಕ್ಕೆ ಬಿದ್ದದ್ದನ್ನು ಮರದ ಹೊಟ್ಟು ಹಾಕಿ ಹೀರಿಸಿ ತೆಗೆದು, ಆ ಜಾಗವನ್ನು ನೀರು ಹಾಕಿ ತೊಳೆಯಿರಿ. ನಾಯಿ ನೆಕ್ಕಿದ್ದು ಕಂಡರೆ ವಾಂತಿ ಆಗಲಿ ಅಂತ ಕಾಯಬೇಡಿ, ಆ ಗಳಿಗೆಯೇ ಪಶು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಕೂಲಂಟ್ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.